ಜೇಬಿನ ಹೆಡ್‌ಫೋನ್ ಆಂಪ್: ಅಳತೆಯ ಅಂಕಿಗಳನ್ನು ನಿಮ್ಮ ಕಿವಿಗೆ ತಕ್ಕಂತೆ ಓದುವ ಕ್ರಮ

ಫೋನ್‌ಗಳಿಂದ 3.5 ಮಿಲಿಮೀಟರ್ ಜ್ಯಾಕ್ ಮರೆಯಾದ ಮೇಲೆ, ತಂತಿಯ ಹೆಡ್‌ಫೋನ್‌ನಲ್ಲಿ ಸಂಗೀತ ಕೇಳುವವರಿಗೆ ಒಂದು ಯುಎಸ್‌ಬಿ ಡಾಂಗಲ್ ಅಥವಾ ಬ್ಯಾಟರಿಯಿಂದ ನಡೆಯುವ ಪುಟ್ಟ ಆಂಪ್ಲಿಫೈಯರ್ ಬೇಕೇ ಬೇಕಾಗಿದೆ. ಇವುಗಳ ಬೆಲೆ ಕೆಲವು ನೂರು ರೂಪಾಯಿಗಳಿಂದ ಆರಂಭವಾಗಿ ಲಕ್ಷದ ಗಡಿಯನ್ನೂ ಮುಟ್ಟುತ್ತದೆ. ಕೊಳ್ಳುವವರ ಮುಂದೆ ಎರಡು ಬಗೆಯ ಸಾಕ್ಷ್ಯಗಳಿರುತ್ತವೆ. ಪ್ರಯೋಗಾಲಯದ ಉಪಕರಣದಲ್ಲಿ ಅಳೆದು, ಒಂದೇ ಅಂಕಿಯ ಆಧಾರದ ಮೇಲೆ ಆಂಪ್‌ಗಳನ್ನು ಮೇಲಿನಿಂದ ಕೆಳಗೆ ಜೋಡಿಸಿದ ಪಟ್ಟಿಗಳು ಮೊದಲನೆಯ ಬಗೆ. ಧ್ವನಿ ಬೆಚ್ಚಗಿದೆ, ವೇದಿಕೆ ವಿಶಾಲವಾಗಿದೆ ಎಂದು ಹೇಳುವ ಕೇಳುಗರ ವರ್ಣನೆಗಳು ಎರಡನೆಯ ಬಗೆ. ಅಳತೆ ಸುಳ್ಳಾಡುವುದಿಲ್ಲ, ಆದರೆ ಅದನ್ನು ಮಾಡಿದ ಸನ್ನಿವೇಶ ನೀವು ಸಂಗೀತ ಕೇಳುವ ಸನ್ನಿವೇಶವಾಗಿರುವುದು ಅಪರೂಪ. ಕೊನೆಯ ತೀರ್ಪು ಕಿವಿಯದೇ ನಿಜ, ಆದರೆ ಎರಡು ಆಂಪ್‌ಗಳ ಸದ್ದಿನ ಮಟ್ಟವನ್ನು ಸರಿಸಮ ಮಾಡದೆ, ಯಾವುದು ಯಾವುದೆಂದು ತಿಳಿದುಕೊಂಡೇ ಕೇಳಿದ ತೀರ್ಪಿಗೆ ನಾನು ಬೆಲೆ ಕೊಡುವುದಿಲ್ಲ. ಆದ್ದರಿಂದ ಮೊದಲು ಲೆಕ್ಕ ಹಾಕಿ, ಆಮೇಲೆ ಅಳೆದು, ಕೊನೆಗೆ ಕೇಳಬೇಕೆಂಬುದು ಇಲ್ಲಿ ಹೇಳುವ ಕ್ರಮ. ಇದಕ್ಕೆ ಬೇಕಾಗುವುದು ಒಂದು ಕ್ಯಾಲ್ಕ್ಯುಲೇಟರ್, ಒಂದು ಒಳ್ಳೆಯ ಮಲ್ಟಿಮೀಟರ್, ಒಂದು ರೆಸಿಸ್ಟರ್ ಮತ್ತು ತಾಳ್ಮೆಯುಳ್ಳ ಒಬ್ಬ ಸ್ನೇಹಿತ.

ಮೊದಲ ಹೆಜ್ಜೆ: ಆಂಪ್‌ಗಿಂತ ಮುಂಚೆ ಹೆಡ್‌ಫೋನ್‌ನ ಲೆಕ್ಕ

ಯಾವ ಆಂಪ್ ಒಳ್ಳೆಯದು ಎಂಬ ಪ್ರಶ್ನೆಗೆ ಹೆಡ್‌ಫೋನ್‌ನ ಹೆಸರು ಹೇಳದೆ ಉತ್ತರವಿಲ್ಲ. ಹೆಡ್‌ಫೋನ್‌ನ ವಿವರಪತ್ರದಲ್ಲಿ ಎರಡು ಅಂಕಿಗಳನ್ನು ಹುಡುಕಿ: ಓಮ್‌ಗಳಲ್ಲಿ ಕೊಟ್ಟಿರುವ ಇಂಪಿಡೆನ್ಸ್ (ಕರೆಂಟ್‌ನ ಹರಿವಿಗೆ ಒಡ್ಡುವ ತಡೆ) ಮತ್ತು ಡೆಸಿಬೆಲ್‌ಗಳಲ್ಲಿ ಕೊಟ್ಟಿರುವ ಸೆನ್ಸಿಟಿವಿಟಿ (ಇಂತಿಷ್ಟು ವಿದ್ಯುತ್ತಿಗೆ ಸದ್ದು ಎಷ್ಟು ಜೋರು ಎಂಬ ಅಳತೆ). ಎರಡನೆಯದನ್ನು ಕೆಲವು ಕಂಪನಿಗಳು 1 ಮಿಲಿವ್ಯಾಟ್‌ಗೆ ಎಷ್ಟು ಎಂದೂ, ಕೆಲವು 1 ವೋಲ್ಟ್‌ಗೆ ಎಷ್ಟು ಎಂದೂ ಬರೆಯುತ್ತವೆ. ಇವೆರಡನ್ನು ನೇರವಾಗಿ ಹೋಲಿಸಿದರೆ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ಎಲ್ಲವನ್ನೂ ವೋಲ್ಟ್‌ಗೆ ತಂದುಕೊಳ್ಳುವುದು ಸುಲಭ: 1000ವನ್ನು ಇಂಪಿಡೆನ್ಸ್‌ನಿಂದ ಭಾಗಿಸಿ, ಬಂದ ಸಂಖ್ಯೆಯ ಹತ್ತರ ಆಧಾರದ ಲಾಗರಿದಮ್ ತೆಗೆದು, ಅದನ್ನು ಹತ್ತರಿಂದ ಗುಣಿಸಿ, ಮಿಲಿವ್ಯಾಟ್‌ನ ಅಂಕಿಗೆ ಕೂಡಿಸಿದರೆ 1 ವೋಲ್ಟ್‌ಗೆ ಎಷ್ಟು ಡೆಸಿಬೆಲ್ ಎಂಬುದು ಸಿಗುತ್ತದೆ. 20 ಡೆಸಿಬೆಲ್ ಏರಿದರೆ ಬೇಕಾದ ವೋಲ್ಟೇಜ್ ಹತ್ತು ಪಟ್ಟು, 6 ಡೆಸಿಬೆಲ್ ಏರಿದರೆ ಸುಮಾರು ಇಮ್ಮಡಿ ಎಂಬುದನ್ನು ನೆನಪಿನಲ್ಲಿಟ್ಟರೆ ಉಳಿದದ್ದು ಬಾಯಿಲೆಕ್ಕ.

ಮೂರು ಪ್ರಸಿದ್ಧ ಮಾದರಿಗಳನ್ನು ತೆಗೆದುಕೊಂಡು ನೋಡೋಣ. ಕ್ಯಾಂಪ್‌ಫೈರ್ ಆಂಡ್ರೋಮಿಡಾ ಎಂಬ ಇಯರ್‌ಫೋನ್‌ನ ಇಂಪಿಡೆನ್ಸ್ 12.8 ಓಮ್, ಸೆನ್ಸಿಟಿವಿಟಿ ಮಿಲಿವ್ಯಾಟ್‌ಗೆ 112.8 ಡೆಸಿಬೆಲ್. ವೋಲ್ಟ್‌ಗೆ ತಂದರೆ ಇದು ಸುಮಾರು 131.7 ಡೆಸಿಬೆಲ್ ಆಗುತ್ತದೆ. ಸೆನ್‌ಹೈಸರ್ ಎಚ್‌ಡಿ 650ರ ಇಂಪಿಡೆನ್ಸ್ 300 ಓಮ್, ಸೆನ್ಸಿಟಿವಿಟಿ ವೋಲ್ಟ್‌ಗೆ 103 ಡೆಸಿಬೆಲ್. ಹೈಫೈಮನ್ ಎಚ್‌ಇ-6 ಎಂಬ ಪ್ಲೇನರ್ (ಆಯಸ್ಕಾಂತಗಳ ನಡುವೆ ತೆಳುವಾದ ಹಾಳೆ ಕಂಪಿಸಿ ಸದ್ದು ಮಾಡುವ) ಹೆಡ್‌ಫೋನ್ 50 ಓಮ್‌ನದು, ಮಿಲಿವ್ಯಾಟ್‌ಗೆ 83.5 ಡೆಸಿಬೆಲ್, ಎಂದರೆ ವೋಲ್ಟ್‌ಗೆ 96.5. ಈಗ ಸಂಗೀತದ ಅತ್ಯಂತ ಜೋರಾದ ಕ್ಷಣಗಳಿಗೆಂದು 110 ಡೆಸಿಬೆಲ್‌ನ ಧಾರಾಳವಾದ ಗಡಿಯನ್ನು ಇಟ್ಟುಕೊಳ್ಳೋಣ. ಆಂಡ್ರೋಮಿಡಾಕ್ಕೆ ಸುಮಾರು 82 ಮಿಲಿವೋಲ್ಟ್ ಸಾಕು, ಅದು ಅರ್ಧ ಮಿಲಿವ್ಯಾಟ್‌ಗಿಂತ ತುಸು ಹೆಚ್ಚು ಅಷ್ಟೆ. ಎಚ್‌ಡಿ 650ಕ್ಕೆ ಸುಮಾರು 2.24 ವೋಲ್ಟ್ ಬೇಕು, ಆದರೆ ಕರೆಂಟ್ ಬರೀ ಏಳೂವರೆ ಮಿಲಿಆಂಪಿಯರ್. ಎಚ್‌ಇ-6ಕ್ಕೆ 4.7 ವೋಲ್ಟ್ ಜೊತೆಗೆ ಸುಮಾರು 95 ಮಿಲಿಆಂಪಿಯರ್, ಅಂದರೆ ಅರ್ಧ ವ್ಯಾಟ್‌ನ ಹತ್ತಿರದ ಶಕ್ತಿ ಬೇಕು. ಮೂರೂ ಕಿವಿಗೆ ಹಾಕಿಕೊಳ್ಳುವ ವಸ್ತುಗಳೇ ಆದರೂ ಆಂಪ್‌ನಿಂದ ಅವು ಕೇಳುವುದು ಮೂರು ಬೇರೆ ಬೇರೆ ಕೆಲಸಗಳನ್ನು: ಮೊದಲನೆಯದಕ್ಕೆ ನಿಶ್ಶಬ್ದ, ಎರಡನೆಯದಕ್ಕೆ ವೋಲ್ಟೇಜ್, ಮೂರನೆಯದಕ್ಕೆ ವೋಲ್ಟೇಜ್ ಮತ್ತು ಕರೆಂಟ್ ಎರಡೂ.

110 ಡೆಸಿಬೆಲ್ ಕ್ಷಣಮಾತ್ರದ ಏರಿಕೆಗೆ ಬಿಟ್ಟ ಜಾಗವೇ ಹೊರತು ಕೇಳುವ ಮಟ್ಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್ ಸುರಕ್ಷಿತ ಮಿತಿ. ಸರಾಸರಿ 75 ಡೆಸಿಬೆಲ್‌ನಲ್ಲಿ ಕೇಳುವವರ ಎಚ್‌ಡಿ 650ಗೆ ಸುಮಾರು 40 ಮಿಲಿವೋಲ್ಟ್, ಆಂಡ್ರೋಮಿಡಾಕ್ಕೆ ಸುಮಾರು ಒಂದೂವರೆ ಮಿಲಿವೋಲ್ಟ್ ಹೋಗುತ್ತಿರುತ್ತದೆ. ಈ ಕೊನೆಯ ಅಂಕಿಯನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಮುಂದೆ ಅಳತೆಗಳನ್ನು ಓದುವಾಗ ಇದು ಮತ್ತೆ ಮತ್ತೆ ಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಔಟ್‌ಪುಟ್ ಇಂಪಿಡೆನ್ಸ್

ಆಂಪ್‌ಗಳ ನಡುವೆ ನಿಜವಾಗಿ ಕಿವಿಗೆ ಕೇಳಿಸುವ ವ್ಯತ್ಯಾಸಕ್ಕೆ ಅತಿ ಸಾಮಾನ್ಯವಾದ ಕಾರಣ ಇದು, ಆದರೂ ಜಾಹೀರಾತುಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಆಂಪ್‌ನ ಒಳಗೆ ಒಂದು ರೆಸಿಸ್ಟರ್ ಹೆಡ್‌ಫೋನ್‌ನ ಸಾಲಿನಲ್ಲಿಯೇ ಕೂತಿದೆ ಎಂದು ಭಾವಿಸಬಹುದು. ಹೆಡ್‌ಫೋನ್‌ನ ಇಂಪಿಡೆನ್ಸ್ ಎಲ್ಲ ಸ್ವರಗಳಿಗೂ ಒಂದೇ ಆಗಿದ್ದರೆ ಈ ರೆಸಿಸ್ಟರ್ ಸದ್ದನ್ನು ಸ್ವಲ್ಪ ಕಡಿಮೆ ಮಾಡುತ್ತದೆಯೇ ಹೊರತು ಬೇರೇನನ್ನೂ ಮಾಡುವುದಿಲ್ಲ. ಪ್ಲೇನರ್ ಹೆಡ್‌ಫೋನ್‌ಗಳು ಹೆಚ್ಚುಕಡಿಮೆ ಹೀಗೆಯೇ ಇರುತ್ತವೆ. ಆದರೆ ಒಂದಕ್ಕಿಂತ ಹೆಚ್ಚು ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಬಗೆಯ ಡ್ರೈವರ್‌ಗಳು (ಸದ್ದು ಹುಟ್ಟಿಸುವ ಪುಟ್ಟ ಘಟಕಗಳು) ಇರುವ ಇಯರ್‌ಫೋನ್‌ಗಳಲ್ಲಿ ಇಂಪಿಡೆನ್ಸ್ ಒಂದು ಸ್ವರಸ್ಥಾನದಲ್ಲಿ 8 ಓಮ್, ಇನ್ನೊಂದರಲ್ಲಿ 40 ಓಮ್ ಎಂಬಂತೆ ಏರಿಳಿಯುತ್ತದೆ. ಅಂಥ ಇಯರ್‌ಫೋನನ್ನು 10 ಓಮ್ ಔಟ್‌ಪುಟ್ ಇಂಪಿಡೆನ್ಸ್‌ನ ಆಂಪ್‌ಗೆ ಸಿಕ್ಕಿಸಿದರೆ, 8 ಓಮ್ ಇರುವಲ್ಲಿ ಸದ್ದು 7 ಡೆಸಿಬೆಲ್‌ನಷ್ಟು ಕುಸಿಯುತ್ತದೆ, 40 ಓಮ್ ಇರುವಲ್ಲಿ 2 ಡೆಸಿಬೆಲ್ ಮಾತ್ರ ಕುಸಿಯುತ್ತದೆ. ಈ 5 ಡೆಸಿಬೆಲ್ ಅಂತರ ಈಕ್ವಲೈಜರ್‌ನ ಒಂದು ಗುಂಡಿಯನ್ನು ಗಟ್ಟಿಯಾಗಿ ತಿರುಗಿಸಿದ್ದಕ್ಕೆ ಸಮ, ಇದನ್ನು ಯಾರು ಬೇಕಾದರೂ ಗುರುತಿಸಬಲ್ಲರು. ಅದೇ ಇಯರ್‌ಫೋನ್ 1 ಓಮ್‌ನ ಆಂಪ್‌ನಲ್ಲಿದ್ದರೆ ಅಂತರ 0.8 ಡೆಸಿಬೆಲ್‌ಗೆ ಇಳಿಯುತ್ತದೆ.

ಎಚ್‌ಡಿ 650ರಂಥ ಹೆಡ್‌ಫೋನ್‌ನ ಕಥೆ ಬೇರೆ. ಕೆಳಸ್ಥಾಯಿಯಲ್ಲಿ ಅದರ ಇಂಪಿಡೆನ್ಸ್ 300ರಿಂದ 500 ಓಮ್‌ನ ಆಸುಪಾಸಿಗೆ ಏರಿದರೂ 10 ಓಮ್‌ನ ಆಂಪ್ ಅದರ ಮೇಲೆ ಉಂಟುಮಾಡುವ ಬದಲಾವಣೆ 0.1 ಡೆಸಿಬೆಲ್ ಮಾತ್ರ. 120 ಓಮ್‌ನ ಔಟ್‌ಪುಟ್‌ಗೆ ಸೇರಿಸಿದರೆ ಕೆಳಸ್ಥಾಯಿ ಸುಮಾರು 1 ಡೆಸಿಬೆಲ್ ಉಬ್ಬುತ್ತದೆ. ಕೆಲವರು ಇದನ್ನೇ ಬೆಚ್ಚಗಿನ ಧ್ವನಿ ಎಂದು ಕರೆಯುತ್ತಾರೆ, ಅವರು ಕೇಳಿದ್ದು ನಿಜವೇ. 120 ಓಮ್ ಎಂಬುದು ನಾನು ಕಟ್ಟಿದ ಸಂಖ್ಯೆಯಲ್ಲ: ಅಂತರರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗದ 1996ರ ಐಇಸಿ 61938 ಮಾನದಂಡ ಹೆಡ್‌ಫೋನ್ ಔಟ್‌ಪುಟ್‌ಗೆ ಸೂಚಿಸಿದ್ದು ಅದೇ ಅಂಕಿಯನ್ನು. ಇಂದಿನ ಇಯರ್‌ಫೋನ್‌ಗಳಿಗೆ ಅದು ಹೊಂದುವ ಮಾತಲ್ಲ. 2011ರಲ್ಲಿ ಓ2 ಎಂಬ ಪುಟ್ಟ ಆಂಪ್‌ನ ವಿನ್ಯಾಸವನ್ನು ಅಳತೆಗಳ ಸಮೇತ ಎಲ್ಲರಿಗೂ ಮುಕ್ತವಾಗಿ ಕೊಟ್ಟ, ಎನ್‌ಡಬ್ಲ್ಯೂಆವ್‌ಗಯ್ ಎಂಬ ಗುಪ್ತನಾಮದ ಎಂಜಿನಿಯರ್ ಒಂದು ಸರಳ ಸೂತ್ರವನ್ನು ಜನಪ್ರಿಯಗೊಳಿಸಿದರು: ಆಂಪ್‌ನ ಔಟ್‌ಪುಟ್ ಇಂಪಿಡೆನ್ಸ್ ಹೆಡ್‌ಫೋನ್‌ನ ಇಂಪಿಡೆನ್ಸ್‌ನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚಿರಬಾರದು. ನನ್ನ ಅಭಿಪ್ರಾಯದಲ್ಲಿ ಎಚ್‌ಡಿ 650ರಂಥ ಡೈನಾಮಿಕ್ ಹೆಡ್‌ಫೋನ್‌ಗಳಿಗೆ ಈ ಸೂತ್ರ ಸಾಕು, ಆದರೆ ಇಂಪಿಡೆನ್ಸ್ ಏರಿಳಿಯುವ ಇಯರ್‌ಫೋನ್‌ಗಳಿಗೆ ಕಂಪನಿ ಕೊಟ್ಟ ಒಂದು ಅಂಕಿಯನ್ನಲ್ಲ, ಇಂಪಿಡೆನ್ಸ್ ರೇಖೆಯ ಅತಿ ತಗ್ಗಿನ ಬಿಂದುವನ್ನು ಹಿಡಿದು ಲೆಕ್ಕ ಹಾಕಬೇಕು. 1 ಓಮ್‌ಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ ಎಂದುಕೊಳ್ಳಬಹುದು. ಆಪಲ್‌ನ ಪುಟ್ಟ ಯುಎಸ್‌ಬಿ-ಸಿ ಅಡಾಪ್ಟರ್ ಸುಮಾರು 0.9 ಓಮ್‌ನಲ್ಲಿದೆ, ಎಂದರೆ ಈ ಪರೀಕ್ಷೆಯಲ್ಲಿ ಗೆಲ್ಲಲು ದೊಡ್ಡ ಮೊತ್ತ ಬೇಕಿಲ್ಲ.

ಆಂಪ್‌ಗೆ ಬ್ಯಾಲೆನ್ಸ್ಡ್ ಔಟ್‌ಪುಟ್ (ಪ್ರತಿ ಚಾನೆಲ್‌ನ ಧನ, ಋಣ ತುದಿಗಳೆರಡರ ಹಿಂದೆಯೂ ಒಂದೊಂದು ಆಂಪ್ ಇರುವ ಜೋಡಣೆ) ಇದ್ದರೆ ಅಲ್ಲಿ ಔಟ್‌ಪುಟ್ ಇಂಪಿಡೆನ್ಸ್ ಸಾಮಾನ್ಯವಾಗಿ ಇಮ್ಮಡಿಯಾಗಿರುತ್ತದೆ ಎಂಬುದನ್ನು ಸೂಕ್ಷ್ಮ ಇಯರ್‌ಫೋನ್‌ನವರು ಮರೆಯಬಾರದು.

ಮೂರನೆಯ ಹೆಜ್ಜೆ: ಸಿನಾಡ್ ಪಟ್ಟಿಯನ್ನು ಬಿಡಿಸಿ ಓದುವುದು

ಸಿನಾಡ್ ಎಂದರೆ ಮೂಲ ಸಂಕೇತಕ್ಕೆ ಹೋಲಿಸಿದಾಗ ನಾಯ್ಸ್ (ಆಂಪ್ ತಾನೇ ಸೇರಿಸುವ ಗದ್ದಲ) ಮತ್ತು ಡಿಸ್ಟಾರ್ಷನ್ (ಸಂಕೇತದ ಆಕಾರ ಕೆಡುವುದು) ಎರಡೂ ಸೇರಿ ಎಷ್ಟು ಡೆಸಿಬೆಲ್ ಕೆಳಗಿವೆ ಎಂಬ ಒಂದೇ ಅಂಕಿ. ಆಡಿಯೊ ಸೈನ್ಸ್ ರಿವ್ಯೂ ಎಂಬ ಜಾಲತಾಣದ ಅಮೀರ್ ಮಜೀದಿಮೆಹರ್ ಅವರ ಪಟ್ಟಿಗಳಿಂದಾಗಿ ಈ ಪದ ಹವ್ಯಾಸಿಗಳ ನಾಲಿಗೆಯ ಮೇಲೂ ಬಂದಿದೆ. ಅವರು ಬಳಸುವ ಆಡಿಯೊ ಪ್ರಿಸಿಷನ್ ಎಪಿಎಕ್ಸ್555 ವಿಶ್ಲೇಷಕ ಅತ್ಯಂತ ನಿಖರವಾದುದು, ಅಂಕಿಗಳನ್ನು ಅನುಮಾನಿಸುವ ಕಾರಣವಿಲ್ಲ. ತೊಂದರೆ ಇರುವುದು ಎರಡು ಬೇರೆ ಬೇರೆ ದೋಷಗಳನ್ನು ಒಂದೇ ಸಂಖ್ಯೆಯಲ್ಲಿ ಕೂಡಿಸಿದ್ದರಲ್ಲಿ, ಮತ್ತು ಪಟ್ಟಿಗೆ ಏರುವ ಅಂಕಿ 1 ಕಿಲೋಹರ್ಟ್ಜ್‌ನ ಒಂದೇ ಸ್ವರವನ್ನು ವೋಲ್ಟ್‌ಗಳ ಮಟ್ಟದಲ್ಲಿ ನುಡಿಸಿ ಅಳೆದದ್ದಾಗಿರುವುದರಲ್ಲಿ. ಆಂಡ್ರೋಮಿಡಾದಲ್ಲಿ ನಾವು ಸಂಗೀತ ಕೇಳುವುದು ಒಂದೂವರೆ ಮಿಲಿವೋಲ್ಟ್‌ನಲ್ಲಿ ಎಂಬುದನ್ನು ಈಗ ನೆನಪಿಸಿಕೊಳ್ಳಿ.

ಎರಡು ಕಾಲ್ಪನಿಕ ಆಂಪ್‌ಗಳನ್ನು ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಮೊದಲನೆಯದರ ಸಿನಾಡ್ 2 ವೋಲ್ಟ್‌ನಲ್ಲಿ 110 ಡೆಸಿಬೆಲ್, ಮತ್ತು ಉಳಿದ ಕಲ್ಮಷವೆಲ್ಲ ನಾಯ್ಸ್ ಎಂದಿಟ್ಟುಕೊಳ್ಳೋಣ. ಆಗ ನಾಯ್ಸ್‌ನ ವೋಲ್ಟೇಜ್ ಸುಮಾರು 6.3 ಮೈಕ್ರೋವೋಲ್ಟ್. ಎರಡನೆಯದರ ಸಿನಾಡ್ 1 ವೋಲ್ಟ್‌ನಲ್ಲಿ 96 ಮಾತ್ರ, ಆದರೆ ಅಲ್ಲಿರುವ ಕಲ್ಮಷ ಬಹುಪಾಲು ಡಿಸ್ಟಾರ್ಷನ್, ನಾಯ್ಸ್ ಬರೀ ಒಂದೂವರೆ ಮೈಕ್ರೋವೋಲ್ಟ್. ಪಟ್ಟಿಯಲ್ಲಿ ಮೊದಲನೆಯದು ಬಹಳ ಮೇಲಿರುತ್ತದೆ. ಆದರೆ ಆಂಡ್ರೋಮಿಡಾವನ್ನು ಸಿಕ್ಕಿಸಿದಾಗ ಮೊದಲನೆಯದರ ಹಿಸ್ ಸದ್ದು ಕಿವಿಯಲ್ಲಿ 28 ಡೆಸಿಬೆಲ್‌ನ ಹತ್ತಿರ ಇರುತ್ತದೆ, ಎರಡನೆಯದರದ್ದು 15ರಲ್ಲಿ. ಕಿವಿಯೊಳಗೆ ಬಿಗಿಯಾಗಿ ಕೂರುವ ಇಯರ್‌ಫೋನ್ ಹೊರಗಿನ ಸದ್ದನ್ನು ತಡೆಯುವುದರಿಂದ ರಾತ್ರಿಯ ನಿಶ್ಶಬ್ದ ಕೋಣೆಯಲ್ಲಿ 28 ಡೆಸಿಬೆಲ್‌ನ ಸುಯ್ ಎನ್ನುವ ಸದ್ದು ಖಂಡಿತ ಕೇಳಿಸುತ್ತದೆ. ಎಚ್‌ಡಿ 650ರಲ್ಲಾದರೆ ಅದೇ ನಾಯ್ಸ್ 0 ಡೆಸಿಬೆಲ್‌ನ ಆಸುಪಾಸಿನಲ್ಲಿರುವುದರಿಂದ ಯಾರಿಗೂ ಕೇಳಿಸುವುದಿಲ್ಲ. ಆದ್ದರಿಂದ ವರದಿಯಲ್ಲಿ ಹುಡುಕಬೇಕಾದದ್ದು ಮೈಕ್ರೋವೋಲ್ಟ್‌ಗಳಲ್ಲಿ ಕೊಟ್ಟ ಔಟ್‌ಪುಟ್ ನಾಯ್ಸ್, ಇಲ್ಲವೇ 50 ಮಿಲಿವೋಲ್ಟ್‌ನಲ್ಲಿ ಅಳೆದ ಸಿಗ್ನಲ್-ನಾಯ್ಸ್ ಅನುಪಾತ. ವೋಲ್ಟ್‌ಗೆ 125 ಡೆಸಿಬೆಲ್ ದಾಟುವ ಇಯರ್‌ಫೋನ್ ಇರುವವರಿಗೆ 2 ಮೈಕ್ರೋವೋಲ್ಟ್‌ಗಿಂತ ಕಡಿಮೆ ನಾಯ್ಸ್ ಇರುವ ಆಂಪ್ ನನ್ನ ಶಿಫಾರಸು, ಆಗ ಆಂಡ್ರೋಮಿಡಾದಲ್ಲಿಯೂ ಹಿಸ್ 18 ಡೆಸಿಬೆಲ್‌ನೊಳಗೆ ನಿಲ್ಲುತ್ತದೆ. ಅನೇಕ ಆಂಪ್‌ಗಳಲ್ಲಿ ವಾಲ್ಯೂಮ್ ಇಳಿಸಿದರೂ ಈ ನಾಯ್ಸ್ ಇಳಿಯುವುದಿಲ್ಲ, ಆಂಪ್ ಸಂಕೇತವನ್ನು ಎಷ್ಟು ಪಟ್ಟು ಏರಿಸಬೇಕೆಂದು ನಿರ್ಧರಿಸುವ ಗೇನ್ ಸ್ವಿಚ್ಚನ್ನು ಕೆಳಗಿನ ಸ್ಥಾನಕ್ಕೆ ಹಾಕಿದರೆ ಇಳಿಯಬಹುದು. ವರದಿ ಯಾವ ಗೇನ್‌ನಲ್ಲಿ ಅಳೆದದ್ದು ಎಂಬುದನ್ನೂ ಅದಕ್ಕಾಗಿಯೇ ನೋಡಬೇಕು.

ಡಿಸ್ಟಾರ್ಷನ್ ಕುರಿತು ಇಷ್ಟು ವಿಸ್ತಾರ ಬೇಕಿಲ್ಲ. 80 ಡೆಸಿಬೆಲ್ ಎಂದರೆ 0.01 ಶೇಕಡ, 100 ಎಂದರೆ 0.001 ಶೇಕಡ. ಜೋರಾಗಿ ಕೇಳುವಾಗ ಹೆಡ್‌ಫೋನ್‌ನ ಡ್ರೈವರ್ ತಾನೇ ಕೆಳಸ್ಥಾಯಿಯಲ್ಲಿ ಶೇಕಡ 0.1ಕ್ಕೂ ಹೆಚ್ಚು ಡಿಸ್ಟಾರ್ಷನ್ ಸೇರಿಸುವುದು ಸಾಮಾನ್ಯ ಸಂಗತಿ. ಅಲ್ಲದೆ ಮೂಲ ಸ್ವರಕ್ಕೆ ಹತ್ತಿರದ ಹಾರ್ಮೋನಿಕ್‌ಗಳನ್ನು (ಡಿಸ್ಟಾರ್ಷನ್‌ನಿಂದ ಹುಟ್ಟುವ, ಮೂಲದ ಗುಣಕಗಳಾದ ಸ್ವರಗಳನ್ನು) ಆ ಸ್ವರವೇ ಮುಚ್ಚಿಬಿಡುತ್ತದೆ. 16 ಬಿಟ್‌ನ ಧ್ವನಿಮುದ್ರಣದ ಸೈದ್ಧಾಂತಿಕ ವ್ಯಾಪ್ತಿಯೇ ಸುಮಾರು 98 ಡೆಸಿಬೆಲ್. ಹೀಗಿರುವಾಗ 112 ಮತ್ತು 119 ಸಿನಾಡ್‌ನ ಎರಡು ಆಂಪ್‌ಗಳ ನಡುವಿನ ಅಂತರ ಎಂಜಿನಿಯರ್‌ನ ಕೌಶಲಕ್ಕೆ ಸಲ್ಲುವ ಗೌರವ, ಅದಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಆ 7 ಡೆಸಿಬೆಲ್‌ಗಾಗಿ ಕೇಳುಗರು ಹಣ ತೆರಬೇಕಾಗಿಲ್ಲ.

ನಾಲ್ಕನೆಯ ಹೆಜ್ಜೆ: ಶಕ್ತಿ ಎಲ್ಲಿ ಮುಗಿಯುತ್ತದೆ

ಪೆಟ್ಟಿಗೆಯ ಮೇಲೆ ಅಚ್ಚಾದ ಮಿಲಿವ್ಯಾಟ್‌ಗಳಿಗೆ ಯಾವ ಓಮ್‌ನಲ್ಲಿ ಎಂಬ ವಿವರವಿಲ್ಲದಿದ್ದರೆ ಅರ್ಥವಿಲ್ಲ. ವರದಿಗಳಲ್ಲಿ ಶಕ್ತಿ ಏರಿದಂತೆ ಡಿಸ್ಟಾರ್ಷನ್ ಹೇಗೆ ಬದಲಾಗುತ್ತದೆ ಎಂದು ತೋರಿಸುವ ರೇಖೆಯೊಂದಿರುತ್ತದೆ. ಅದು ನಿಧಾನವಾಗಿ ಇಳಿಯುತ್ತಾ ಬಂದು ಒಂದು ಬಿಂದುವಿನಲ್ಲಿ ಗೋಡೆಯಂತೆ ಮೇಲೇಳುತ್ತದೆ. ಅದೇ ಕ್ಲಿಪ್ಪಿಂಗ್, ಆಂಪ್‌ನ ಶಕ್ತಿ ಮುಗಿದು ಸಂಕೇತದ ತುದಿಗಳು ಕತ್ತರಿಸಿಹೋಗುವ ಹಂತ. ಆ ಬಿಂದುವನ್ನು ಮೊದಲ ಹೆಜ್ಜೆಯಲ್ಲಿ ಹಾಕಿದ ಲೆಕ್ಕದೊಂದಿಗೆ ಹೋಲಿಸಿ. 300 ಓಮ್‌ನ ಹೆಡ್‌ಫೋನ್‌ಗೆ 300 ಓಮ್‌ನ ರೇಖೆಯನ್ನೂ, 32 ಓಮ್ ಅಥವಾ ಅದಕ್ಕಿಂತ ಕಡಿಮೆಯ ಹೆಡ್‌ಫೋನ್‌ಗೆ ಕಡಿಮೆ ಓಮ್‌ನ ರೇಖೆಯನ್ನೂ ನೋಡಬೇಕು, ಏಕೆಂದರೆ ಮೊದಲನೆಯದರಲ್ಲಿ ಮುಗಿಯುವುದು ವೋಲ್ಟೇಜ್, ಎರಡನೆಯದರಲ್ಲಿ ಮುಗಿಯುವುದು ಕರೆಂಟ್.

ಆಪಲ್ ಅಡಾಪ್ಟರ್‌ನ ಅಮೆರಿಕದ ಮಾದರಿ ಸುಮಾರು 1 ವೋಲ್ಟ್ ಕೊಡುತ್ತದೆ, ಯುರೋಪಿನ ಮಾದರಿ ಅಲ್ಲಿನ ಶ್ರವಣ ಸುರಕ್ಷತೆಯ ನಿಯಮಗಳಿಂದಾಗಿ ಅದರ ಅರ್ಧದಷ್ಟು. 1 ವೋಲ್ಟ್‌ನಲ್ಲಿ ಎಚ್‌ಡಿ 650 ಏರಬಲ್ಲದ್ದು 103 ಡೆಸಿಬೆಲ್‌ವರೆಗೆ. ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಜೋರಾಗಿ ಮುದ್ರಿಸಿದ ಚಿತ್ರಗೀತೆಗಳಿಗೆ ಇದು ಧಾರಾಳ. ಮೆಲುವಾದ ಆಲಾಪನೆಯಿಂದ ತನಿ ಆವರ್ತನದ ಮೃದಂಗದ ಪೆಟ್ಟಿನವರೆಗೆ ಅಂತರವನ್ನು ಕಾಯ್ದಿಟ್ಟಿರುವ ಕಛೇರಿಯ ಧ್ವನಿಮುದ್ರಣಕ್ಕೆ ಕೆಲವರು ಇನ್ನಷ್ಟು ಬಯಸಬಹುದು. ಇದೇ ಅಡಾಪ್ಟರನ್ನು ಆಂಡ್ರಾಯ್ಡ್ ಫೋನ್‌ಗೆ ಸಿಕ್ಕಿಸಿ ಸದ್ದು ತೀರಾ ಸಣ್ಣದೆಂದು ದೂರುವವರು ಬಹಳ. ಅಡಾಪ್ಟರ್‌ನ ಒಳಗಿನ ವಾಲ್ಯೂಮ್ ಕೆಳಮಟ್ಟದಲ್ಲಿ ಆರಂಭವಾಗುತ್ತದೆ, ಅನೇಕ ಆಂಡ್ರಾಯ್ಡ್ ಫೋನ್‌ಗಳು ಅದನ್ನು ಏರಿಸದೆ ಬಿಡುತ್ತವೆ. ಯುಎಸ್‌ಬಿ ಆಡಿಯೊ ಪ್ಲೇಯರ್ ಪ್ರೊನಂಥ, ಡಾಂಗಲ್‌ನ ವಾಲ್ಯೂಮನ್ನು ನೇರವಾಗಿ ನಿಯಂತ್ರಿಸುವ ಆ್ಯಪ್ ಬಳಸಿದರೆ ಪೂರ್ಣ ಮಟ್ಟ ಸಿಗುತ್ತದೆ. ಕಾಗದದ ಮೇಲಿನ ಅಳತೆ ಸರಿಯಿದ್ದು, ನಿಮ್ಮ ಕೈಯಲ್ಲಿ ಅದು ಸಿಗದಿರುವುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಹಳೆಯ ಜೇಬಿನ ಪ್ಲೇಯರ್‌ಗಳಲ್ಲಿ ಔಟ್‌ಪುಟ್‌ಗೆ ಸಾಲಾಗಿ ಕೆಪಾಸಿಟರ್ ಇರುತ್ತಿತ್ತು. 220 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ 16 ಓಮ್‌ನ ಇಯರ್‌ಫೋನ್‌ನೊಂದಿಗೆ 45 ಹರ್ಟ್ಜ್‌ನಿಂದಲೇ ಕೆಳಸ್ಥಾಯಿಯನ್ನು ಕತ್ತರಿಸತೊಡಗುತ್ತದೆ, 300 ಓಮ್‌ನೊಂದಿಗೆ ಇದು 2.4 ಹರ್ಟ್ಜ್‌ಗೆ ಹೋಗುವುದರಿಂದ ತೊಂದರೆಯಿಲ್ಲ. ಹಳೆಯ ಸಾಧನವನ್ನು ಕೊಳ್ಳುವವರು ಫ್ರೀಕ್ವೆನ್ಸಿ ರೆಸ್ಪಾನ್ಸ್ (ಯಾವ ಸ್ವರ ಎಷ್ಟು ಜೋರು ಎಂದು ತೋರಿಸುವ) ರೇಖೆಯನ್ನು ಹೆಡ್‌ಫೋನ್ ಸಿಕ್ಕಿಸಿ ಅಳೆದಿದ್ದಾರೆಯೇ ಎಂದು ನೋಡಿಕೊಳ್ಳಬೇಕು.

ಐದನೆಯ ಹೆಜ್ಜೆ: ಮನೆಯಲ್ಲೇ ಅಳೆಯುವುದು

ವರದಿ ಸಿಗದ ಆಂಪ್‌ನ ಔಟ್‌ಪುಟ್ ಇಂಪಿಡೆನ್ಸನ್ನು ನೀವೇ ಅಳೆಯಬಹುದು. ಆದರೆ ಅಂಗಡಿಗಳಲ್ಲಿ ಸಿಗುವ ಅಗ್ಗದ 830 ಸರಣಿಯ ಹಳದಿ ಮಲ್ಟಿಮೀಟರ್ ಇದಕ್ಕೆ ಬರುವುದಿಲ್ಲ, ಏಕೆಂದರೆ ಅದರ ಅತಿ ಚಿಕ್ಕ ಎಸಿ ಶ್ರೇಣಿಯೇ 200 ವೋಲ್ಟ್. ಎಸಿ ಮಿಲಿವೋಲ್ಟ್‌ಗಳನ್ನು ಒಂದು ದಶಮಾಂಶದವರೆಗೆ ತೋರಿಸುವ ಮೀಟರ್ ಬೇಕು. 33 ಓಮ್‌ನ ರೆಸಿಸ್ಟರ್ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ, ನಿಮ್ಮ ಊರಿನ ರೇಡಿಯೊ ರಿಪೇರಿಯವರಲ್ಲಾಗಲಿ ಸಿಗುತ್ತದೆ. ಹಾಳಾದ ಇಯರ್‌ಫೋನ್‌ನ ತಂತಿಯನ್ನು ಕತ್ತರಿಸಿ, ಎಡ ಚಾನೆಲ್ ಮತ್ತು ಗ್ರೌಂಡ್‌ನ ಎಳೆಗಳನ್ನು ಹೊರತೆಗೆಯಿರಿ. 400 ಹರ್ಟ್ಜ್‌ನ ಸ್ವರವೊಂದನ್ನು ನುಡಿಸಿ, ಏನನ್ನೂ ಸೇರಿಸದೆ ಮೀಟರ್ 200 ಮಿಲಿವೋಲ್ಟ್ ತೋರಿಸುವಂತೆ ವಾಲ್ಯೂಮ್ ಇಡಿ. ಬಳಿಕ ಎರಡು ಎಳೆಗಳ ನಡುವೆ ರೆಸಿಸ್ಟರ್ ಇಟ್ಟು ಮತ್ತೆ ಓದಿ. ಎರಡು ಓದುಗಳ ವ್ಯತ್ಯಾಸವನ್ನು ಎರಡನೆಯ ಓದಿನಿಂದ ಭಾಗಿಸಿ 33ರಿಂದ ಗುಣಿಸಿದರೆ ಔಟ್‌ಪುಟ್ ಇಂಪಿಡೆನ್ಸ್ ಸಿಕ್ಕಿತು. ಉದಾಹರಣೆಗೆ 200 ಇದ್ದದ್ದು 190ಕ್ಕೆ ಇಳಿದರೆ ಅದು ಸುಮಾರು 1.7 ಓಮ್.

ಎರಡು ಎಚ್ಚರಿಕೆಗಳು. ಕೆಲವು ಸಾಧನಗಳು ಸಿಕ್ಕಿಸಿದ ಹೆಡ್‌ಫೋನ್‌ನ ಓಮ್ ನೋಡಿ ತಾವೇ ಮಟ್ಟ ಬದಲಿಸುತ್ತವೆ, ಎಲ್‌ಜಿಯ ವಿ30 ಫೋನ್ 50 ಓಮ್ ದಾಟಿದರೆ ಹೀಗೆ ಮಾಡುತ್ತಿತ್ತು. ಲೆಕ್ಕ ಅಸಂಬದ್ಧವಾಗಿ ಬಂದರೆ ಮೊದಲು ಇದನ್ನು ಶಂಕಿಸಿ. ಎರಡನೆಯದಾಗಿ, ಬ್ಯಾಲೆನ್ಸ್ಡ್ ಔಟ್‌ಪುಟ್‌ನ ಎಡ ಮತ್ತು ಬಲದ ಋಣ ತುದಿಗಳನ್ನು ಒಂದಕ್ಕೊಂದು ಅಥವಾ ಗ್ರೌಂಡ್‌ಗೆ ಎಂದಿಗೂ ಸೇರಿಸಬೇಡಿ. ಅವೆರಡರ ಹಿಂದೆಯೂ ಒಂದೊಂದು ಆಂಪ್ ಇರುವುದರಿಂದ ಅದು ಶಾರ್ಟ್ ಆಗಿ ಸಾಧನ ಸುಡಬಹುದು.

ಆರನೆಯ ಹೆಜ್ಜೆ: ಮೇಜಿನ ಮೇಲಿನ ಅಳತೆಗೆ ಸಿಗದ ದೋಷಗಳು

ಪ್ರಯೋಗಾಲಯದಲ್ಲಿ ಆಂಪ್‌ನ ಪಕ್ಕದಲ್ಲಿ ಫೋನ್ ಇರುವುದಿಲ್ಲ, ಜೇಬಿನಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. 2ಜಿ ಸಂಪರ್ಕ 217 ಹರ್ಟ್ಜ್‌ನ ಲಯದಲ್ಲಿ ರೇಡಿಯೊ ಸಂಕೇತವನ್ನು ತುಂಡುತುಂಡಾಗಿ ಕಳಿಸುತ್ತದೆ. ರಕ್ಷಣೆ ಸಾಲದ ಆಂಪ್‌ನಲ್ಲಿ ಅದು ಗರ್ ಎಂಬ ಸದ್ದಾಗಿ ಕೇಳುತ್ತದೆ. ಆಂಪನ್ನು ಫೋನ್‌ನ ಬೆನ್ನಿಗಿಟ್ಟು, ಸಂಗೀತ ನಿಲ್ಲಿಸಿ, ಒಂದು ಕರೆ ಮಾಡಿ ನೋಡಿ. ಮೊಬೈಲ್ ಡೇಟಾ ಹಾಕಿಯೂ ತೆಗೆದೂ ಕೇಳಿ. ಚಾರ್ಜರ್ ಸಿಕ್ಕಿಸಿದಾಗ ಹಮ್ ಬರುತ್ತದೆಯೇ, ಆನ್ ಮಾಡುವಾಗ ಕಿವಿಗೆ ಹೊಡೆದಂತೆ ಟಪ್ ಎನ್ನುತ್ತದೆಯೇ ಎಂಬುದನ್ನೂ ಪರೀಕ್ಷಿಸಿ, ಈ ಕೊನೆಯದನ್ನು ಹೆಡ್‌ಫೋನನ್ನು ಕಿವಿಯಿಂದ ದೂರ ಹಿಡಿದು ಮಾಡಿ.

ತಿರುಗುವ ಗುಂಡಿಯ ವಾಲ್ಯೂಮ್ ಇರುವ ಆಂಪ್‌ಗಳಲ್ಲಿ ಇನ್ನೊಂದು ತೊಂದರೆಯಿದೆ. ಗುಂಡಿಯ ಆರಂಭದ ಭಾಗದಲ್ಲಿ ಎಡ ಬಲಗಳ ಮಟ್ಟ ಒಂದೇ ಇರುವುದಿಲ್ಲ. ಸೂಕ್ಷ್ಮ ಇಯರ್‌ಫೋನ್ ಬಳಸುವವರು ಆ ಭಾಗದಲ್ಲೇ ಕೇಳುವುದರಿಂದ ಹಾಡುವವರ ದನಿ ನಡುವಿನಿಂದ ಒಂದು ಪಕ್ಕಕ್ಕೆ ಸರಿಯುತ್ತದೆ. ಮೋನೋ ಧ್ವನಿಮುದ್ರಣವೊಂದನ್ನು ನಿಮ್ಮ ಮಾಮೂಲು ಮಟ್ಟಕ್ಕಿಂತ ಕೆಳಗೆ ಕೇಳಿದರೆ ಒಂದು ನಿಮಿಷದಲ್ಲಿ ತಿಳಿದುಹೋಗುತ್ತದೆ. 119 ಸಿನಾಡ್‌ನ ಆಂಪ್‌ನಲ್ಲಿ ಈ ದೋಷವಿದ್ದರೆ ನಾನು ಅದನ್ನು ಕೊಳ್ಳುವುದಿಲ್ಲ.

ಹಿಸ್ ಪರೀಕ್ಷೆಗೆ ಧ್ವನಿಮುದ್ರಣದ ಆಯ್ಕೆಯೂ ಮುಖ್ಯ. ತಂಬೂರಿಯ ಶ್ರುತಿ ಸತತವಾಗಿರುವ ಕಛೇರಿಯಲ್ಲಿ ಹಿಸ್ ಅದರಡಿ ಮುಚ್ಚಿಹೋಗುತ್ತದೆ, ಸಭಾಂಗಣದಲ್ಲಿ ಮುದ್ರಿಸಿದ್ದಾದರೆ ಮುದ್ರಣದ್ದೇ ಸುಯ್ ಸದ್ದು ಇರುತ್ತದೆ. ಪೂರ್ತಿ ಮೌನದ ಒಂದು ಫೈಲ್ ನುಡಿಸುವುದೇ ಸರಿ. ಏನನ್ನೂ ನುಡಿಸದಿದ್ದರೆ ಅನೇಕ ಡಾಂಗಲ್‌ಗಳು ಔಟ್‌ಪುಟ್ಟನ್ನು ಮುಚ್ಚಿಬಿಡುವುದರಿಂದ ಸುಳ್ಳು ನಿಶ್ಶಬ್ದ ಸಿಗುತ್ತದೆ.

ಏಳನೆಯ ಹೆಜ್ಜೆ: ಕಣ್ಣು ಕಟ್ಟಿ ಕೇಳುವುದು

ಇಲ್ಲಿಯವರೆಗೆ ಮಾಡಿದ ಲೆಕ್ಕ ಏನನ್ನು ಕೇಳಿಸಿಕೊಳ್ಳಬೇಕೆಂದು ಹೇಳುತ್ತದೆ. ಈಗ ಎರಡು ಆಂಪ್‌ಗಳ ಮಟ್ಟವನ್ನು ಸರಿಸಮ ಮಾಡಬೇಕು. ಒಂದು ಆಂಪ್ ಸ್ವಲ್ಪವೇ ಜೋರಾಗಿದ್ದರೂ ಅದು ಜೋರಾಗಿದೆ ಎಂದು ಅನ್ನಿಸುವುದಿಲ್ಲ, ಹೆಚ್ಚು ಸ್ಪಷ್ಟವಾಗಿದೆ, ತುಂಬಿದೆ ಎಂದೇ ಅನ್ನಿಸುತ್ತದೆ. ಬ್ಯಾಲೆನ್ಸ್ಡ್ ಔಟ್‌ಪುಟ್ ಸಾಮಾನ್ಯವಾಗಿ ಅದೇ ವಾಲ್ಯೂಮ್ ಸ್ಥಾನದಲ್ಲಿ 6 ಡೆಸಿಬೆಲ್ ಜೋರು. ಅದನ್ನು ಹೊಗಳಿದ ಎಷ್ಟೋ ಮಾತುಗಳ ಹಿಂದೆ ಇಷ್ಟೇ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೆಡ್‌ಫೋನ್ ಸಿಕ್ಕಿಸಿದ ಸ್ಥಿತಿಯಲ್ಲಿಯೇ, ವೈ ಆಕಾರದ ಸ್ಪ್ಲಿಟರ್ ಮೂಲಕ, ಅದೇ 400 ಹರ್ಟ್ಜ್‌ನ ಸ್ವರಕ್ಕೆ ವೋಲ್ಟೇಜ್ ಓದಿ. ಎರಡರ ನಡುವೆ ಶೇಕಡ 1ಕ್ಕಿಂತ ಹೆಚ್ಚು ಅಂತರ ಇರಬಾರದು, ಅದು 0.1 ಡೆಸಿಬೆಲ್‌ನೊಳಗೆ ಬರುತ್ತದೆ. 100 ಹರ್ಟ್ಜ್ ಬೇಡ, ಅನೇಕ ಹೆಡ್‌ಫೋನ್‌ಗಳ ಇಂಪಿಡೆನ್ಸ್ ಅಲ್ಲಿ ಏರಿರುವುದರಿಂದ ಉಳಿದ ಸ್ವರಗಳ ಮಟ್ಟ ತಪ್ಪುತ್ತದೆ. 1 ಕಿಲೋಹರ್ಟ್ಜ್ ಕೂಡ ಬೇಡ, ಸಾಧಾರಣ ಮೀಟರ್‌ಗಳು ಅಲ್ಲಿ ನಂಬಿಕೆಗೆ ಅರ್ಹವಲ್ಲ.

ಮಿಕ್ಕದ್ದು ಶಿಸ್ತಿನ ವಿಷಯ. ಬೆಲ್ ಪ್ರಯೋಗಾಲಯದ ಮನ್ಸನ್ ಮತ್ತು ಗಾರ್ಡ್ನರ್ 1950ರಲ್ಲಿ ವಿವರಿಸಿದ ಎಬಿಎಕ್ಸ್ ವಿಧಾನವೇ ಇಲ್ಲಿಯೂ ಬೇಕು: ಎ ಯಾವುದು, ಬಿ ಯಾವುದು ಎಂದು ಕೇಳಿ ತಿಳಿದುಕೊಂಡ ಮೇಲೆ, ಎಕ್ಸ್ ಎಂಬ ಹೆಸರಿನಲ್ಲಿ ಅವುಗಳಲ್ಲಿ ಒಂದನ್ನು ಕೇಳಿಸಲಾಗುತ್ತದೆ, ಅದು ಯಾವುದೆಂದು ಹೇಳಬೇಕು. ಸ್ನೇಹಿತರು ನಾಣ್ಯ ಚಿಮ್ಮಿ ಆಯ್ಕೆ ಮಾಡಲಿ, ನಿಮ್ಮ ಬೆನ್ನ ಹಿಂದೆ ಕೂತಿರಲಿ, ಮಾತನಾಡದಿರಲಿ. ಜ್ಯಾಕ್ ಸಿಕ್ಕಿಸುವ ಸದ್ದೇ ಗುಟ್ಟು ಬಿಟ್ಟುಕೊಡುವುದರಿಂದ ಪ್ರತಿ ಬಾರಿಯೂ ಕಳಚಿ ಸಿಕ್ಕಿಸುವ ಶಾಸ್ತ್ರ ನಡೆಯಲಿ. ಸೂಕ್ಷ್ಮ ವ್ಯತ್ಯಾಸಗಳ ನೆನಪು ಕೆಲವೇ ಸೆಕೆಂಡು ಉಳಿಯುತ್ತದೆ, ಆದ್ದರಿಂದ ಇಡೀ ಹಾಡನ್ನಲ್ಲ, ಹತ್ತು ಸೆಕೆಂಡಿನ ತುಣುಕನ್ನು ಆರಿಸಿ. 16 ಸಲ ಮಾಡಿ 12 ಅಥವಾ ಹೆಚ್ಚು ಸರಿಯಾದರೆ, ಅದು ಬರೀ ಅದೃಷ್ಟದಿಂದ ಆಗುವ ಸಾಧ್ಯತೆ ಶೇಕಡ 4ಕ್ಕಿಂತ ಕಡಿಮೆ. 16ರಲ್ಲಿ 10 ಬಂದರೆ ವ್ಯತ್ಯಾಸ ಕೇಳಿಸಿತು ಎನ್ನಲು ಆಧಾರವಿಲ್ಲ. ಎಷ್ಟು ಸಲ ಎಂಬುದನ್ನು ಮೊದಲೇ ನಿಗದಿ ಮಾಡಿಕೊಳ್ಳಬೇಕು, ಗೆಲ್ಲುತ್ತಿರುವಾಗ ನಿಲ್ಲಿಸುವುದು ಪರೀಕ್ಷೆಯಲ್ಲ.

ಸ್ನೇಹಿತರು ಸಿಗದಿದ್ದರೆ ಬೇರೆ ದಾರಿಯಿದೆ. ಹೆಡ್‌ಫೋನ್ ಸಿಕ್ಕಿಸಿಯೇ ಇಟ್ಟು, ಸ್ಪ್ಲಿಟರ್‌ನ ಇನ್ನೊಂದು ತುದಿಯಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್‌ನ ಲೈನ್ ಇನ್‌ಪುಟ್‌ಗೆ ಎರಡೂ ಆಂಪ್‌ಗಳನ್ನು ರೆಕಾರ್ಡ್ ಮಾಡಿ, ಮಟ್ಟ ಸರಿಪಡಿಸಿ, ಕಂಪ್ಯೂಟರ್‌ನಲ್ಲಿ ಸಂಗೀತ ನುಡಿಸುವ ಫೂಬಾರ್2000 ತಂತ್ರಾಂಶದ ಎಬಿಎಕ್ಸ್ ಸೌಲಭ್ಯದಲ್ಲಿ ಆ ಫೈಲ್‌ಗಳನ್ನು ಹೋಲಿಸಬಹುದು. ಇಂಪಿಡೆನ್ಸ್‌ನಿಂದಾದ ಬದಲಾವಣೆ ರೆಕಾರ್ಡಿಂಗ್‌ನಲ್ಲಿ ಸೊಗಸಾಗಿ ಸಿಗುತ್ತದೆ. ಹಿಸ್ ಮಾತ್ರ ಸಿಗುವುದಿಲ್ಲ, ಇಂಟರ್‌ಫೇಸ್‌ನ ಸ್ವಂತ ನಾಯ್ಸ್ ಅದನ್ನು ನುಂಗುತ್ತದೆ.

ಪರೀಕ್ಷೆಯಲ್ಲಿ ನೀವು ಗೆದ್ದರೆ ಕೆಲಸ ಅಲ್ಲಿಗೆ ನಿಲ್ಲಬಾರದು, ಕಾರಣವನ್ನು ಹುಡುಕಬೇಕು. 1985ರಲ್ಲಿ ಬಾಬ್ ಕಾರ್ವರ್ ತಮ್ಮ ಟ್ರಾನ್ಸಿಸ್ಟರ್ ಆಂಪನ್ನು ಮಾರ್ಪಡಿಸಿ ಒಂದು ದುಬಾರಿ ಆಂಪ್‌ನಂತೆಯೇ ವರ್ತಿಸುವ ಹಾಗೆ ಮಾಡಿದಾಗ, ಸ್ಟೀರಿಯೊಫೈಲ್ ಪತ್ರಿಕೆಯವರಿಗೆ ಎರಡನ್ನೂ ಕಿವಿಯಿಂದ ಬೇರ್ಪಡಿಸಲು ಆಗಲಿಲ್ಲ. ಅದೇ ತತ್ವವನ್ನು ನೀವು ಒಂದು ರೂಪಾಯಿಯ ಬಿಡಿಭಾಗದಿಂದ ಪ್ರಯೋಗಿಸಬಹುದು. ಒಂದು ಆಂಪ್ 0.5 ಓಮ್, ಇನ್ನೊಂದು 5 ಓಮ್ ಎಂದು ಐದನೆಯ ಹೆಜ್ಜೆಯಲ್ಲಿ ಅಳೆದಿದ್ದರೆ, ಮೊದಲನೆಯದರ ಎರಡೂ ಚಾನೆಲ್‌ಗಳಿಗೆ 4.7 ಓಮ್‌ನ ರೆಸಿಸ್ಟರ್‌ಗಳನ್ನು ಸಾಲಾಗಿ ಸೇರಿಸಿ, ಮಟ್ಟವನ್ನು ಮತ್ತೆ ಸರಿಸಮ ಮಾಡಿ, 16 ಸಲವೂ ಮತ್ತೆ ಕೇಳಿ. ಈಗ ಎರಡನ್ನೂ ಬೇರ್ಪಡಿಸಲಾಗದಿದ್ದರೆ ನಿಮಗೆ ಇಷ್ಟವಾದದ್ದು ನಾಲ್ಕೂವರೆ ಓಮ್‌ಗಳು. ಇನ್ನೂ ಬೇರ್ಪಡಿಸಬಲ್ಲಿರಾದರೆ ಮೌನದ ಫೈಲ್ ಹಾಕಿ ಹಿಸ್ ಹೋಲಿಸಿ, ಮೋನೋ ಮುದ್ರಣ ಹಾಕಿ ಎಡಬಲ ಹೋಲಿಸಿ, ಅತಿ ಜೋರಾದ ಭಾಗದಲ್ಲಿ ಕ್ಲಿಪ್ಪಿಂಗ್ ಇದೆಯೇ ಎಂದು ಲೆಕ್ಕ ನೋಡಿ. ಇವಿಷ್ಟರಲ್ಲಿ ಯಾವುದೂ ಅಲ್ಲದ ವ್ಯತ್ಯಾಸ ಉಳಿದರೆ ಮಟ್ಟ ಹೊಂದಿಸಿದ್ದನ್ನು ಮತ್ತೊಮ್ಮೆ, ಈ ಸಲ ಎರಡೂ ಚಾನೆಲ್‌ಗಳಲ್ಲಿ, ಅಳೆದು ನೋಡಿ.